ನಿಮಗಿದು ಗೊತ್ತೇ? ಹಿಮಕ್ಕೂ ಲಾರಿ, ರೈಲು, ಹೆಲಿಕಾಪ್ಟರ್!

ಮಾಸ್ಕೋ ಎಂದರೆ ಮೊಣಕಾಲುದ್ದ ಹಿಮ ಎಂದುಕೊಂಡಿದ್ದೀರಾ? 2019ರ ಡಿಸೆಂಬರ್‌ನಲ್ಲಿ ಅಲ್ಲಿನ ರಸ್ತೆಗಳು ಒದ್ದೆಯಾಗಿ, ಬೋಳಾಗಿ ಬಿದ್ದಿದ್ದವು. ಡಿಸೆಂಬರ್ 18ರಂದು ಉಷ್ಣಾಂಶ 5.4 ಡಿಗ್ರಿ ಸೆಲ್ಸಿಯಸ್‌ಗೆ ಏರಿತು. ಆ ದಿನದ ಮಟ್ಟಿಗೆ 1886ರಿಂದ ಅಲುಗಾಡದೆ ಕೂತಿದ್ದ ದಾಖಲೆ ಮುರಿದೇಹೋಯಿತು. ಹಿಮವಿಲ್ಲದೆ ಹೊಸ ವರ್ಷ ಮಾಡುವುದು ಹೇಗೆ? ಸ್ಕೇಟಿಂಗ್ ಅಂಗಳಗಳ ಮಂಜುಗಡ್ಡೆ ಕೆರೆದು, ಲಾರಿಗೆ ತುಂಬಿ, ತಂದು ಊರ ನಡುವೆ ಸುರಿದರು. ರಷ್ಯಾದಲ್ಲೇ ಹಿಮಕ್ಕೆ ಬರ!

ಆ ಚಳಿಗಾಲ ಇಡೀ ಯುರೋಪನ್ನೇ ಬೇಸ್ತು ಬೀಳಿಸಿತ್ತು. 1981ರಿಂದ 2010ರವರೆಗಿನ ಸರಾಸರಿಗಿಂತ 3.4 ಡಿಗ್ರಿ ಹೆಚ್ಚು ಸೆಕೆ! ಇಂಥ ದಾಖಲೆಗಳು ಸಾಮಾನ್ಯವಾಗಿ ಕೂದಲೆಳೆಯ ಅಂತರದಲ್ಲಿ ಮುರಿಯುತ್ತವೆ. ಇದು ಹಿಂದಿನ ದಾಖಲೆಯನ್ನು 1.4 ಡಿಗ್ರಿಯಷ್ಟು ಹಿಂದೆ ಹಾಕಿತು.

ಚಳಿ ಬರದಿದ್ದರೆ ವೈನ್ ಕೂಡ ಕೈಕೊಡುತ್ತದೆ, ಗೊತ್ತೇ? ಜರ್ಮನಿಯಲ್ಲಿ 'ಐಸ್‌ವೈನ್' ಎಂಬ ಸಿಹಿ ವೈನ್ ಇದೆ. ಅದಕ್ಕೆ ದ್ರಾಕ್ಷಿ ಬಳ್ಳಿಯಲ್ಲೇ ಹೆಪ್ಪುಗಟ್ಟಬೇಕು. ಉಷ್ಣಾಂಶ ಮೈನಸ್ 7 ಡಿಗ್ರಿಗೆ ಇಳಿಯಲೇಬೇಕು. ರೈತರು ಕಾಯುತ್ತಾರೆ, ಕಾಯುತ್ತಾರೆ... ಚಳಿ ಬಂತೋ, ನಡುರಾತ್ರಿಯೋ ನಸುಕೋ, ತೋಟಕ್ಕೆ ಓಡುತ್ತಾರೆ. ಗೋಲಿಯಂತೆ ಗಟ್ಟಿಯಾದ ಹಣ್ಣನ್ನು ಕರಗುವ ಮೊದಲೇ ಹಿಂಡಬೇಕು. ನೀರಿನಂಶ ಗಡ್ಡೆಯಾಗಿ ಒಳಗೇ ಉಳಿಯುತ್ತದೆ, ಸಕ್ಕರೆ ತುಂಬಿದ ಮಂದ ರಸ ಮಾತ್ರ ತೊಟ್ಟಿಕ್ಕುತ್ತದೆ. 2019ರ ಬೆಳೆಗೆ ಆ ಒಂದು ರಾತ್ರಿ ಬರಲೇ ಇಲ್ಲ. ಜರ್ಮನಿಯ ಎಲ್ಲ ವೈನ್ ಸೀಮೆಗಳಲ್ಲೂ ಐಸ್‌ವೈನ್ ಕೈತಪ್ಪಿದ್ದು ಅದೇ ಮೊದಲು!

ಇನ್ನು ಫ್ರಾನ್ಸಿನವರ ಸಾಹಸ ಕೇಳಿ. 2020ರ ಫೆಬ್ರವರಿ. ಪಿರನೀಸ್ ಬೆಟ್ಟಸಾಲಿನ ಲುಷೋನ್-ಸುಪರ್‌ಬಾನ್ಯೇರ್ ಸ್ಕೀ ತಾಣ. ಶಾಲೆಗಳಿಗೆ ರಜೆ, ಮಕ್ಕಳು ಸ್ಕೀ ಕಲಿಯಲು ಬಂದಿದ್ದಾರೆ, ಇಳಿಜಾರಿನಲ್ಲಿ ಹಿಮವೇ ಇಲ್ಲ. ಹೆಲಿಕಾಪ್ಟರ್ ಕರೆಸಿಯೇಬಿಟ್ಟರು! ಬೆಟ್ಟದ ಮೇಲಿನಿಂದ ಸುಮಾರು 50 ಟನ್ ಹಿಮ ಹೊತ್ತು ತಂದು ಕೆಳಗೆ ಸುರಿಸಿದರು. ದೇಶದ ಪರಿಸರ ಸಚಿವೆ ಸಿಡಿಮಿಡಿಗೊಂಡರು. ಆಗದೆ ಇರುತ್ತದೆಯೇ? ಹಿಮ ಇಲ್ಲವೆಂದು ಇಂಧನ ಸುಡುವುದು!

ಹಿಮ ರೈಲು ಹತ್ತಿದ್ದೂ ಉಂಟು. ಅಲಾಸ್ಕಾದ 'ಇಡಿಟರಾಡ್' ಜಗತ್ಪ್ರಸಿದ್ಧ ನಾಯಿಬಂಡಿ ಓಟ. 2016ರಲ್ಲಿ ಅದು ಶುರುವಾಗಬೇಕಿದ್ದ ಆ್ಯಂಕರೇಜ್ ನಗರದಲ್ಲಿ ಸಾಕಷ್ಟು ಹಿಮವೇ ಇರಲಿಲ್ಲ. ಸುಮಾರು 580 ಕಿ.ಮೀ. ದೂರದ ಫೇರ್‌ಬ್ಯಾಂಕ್ಸ್‌ನಿಂದ ಏಳು ಬೋಗಿ ತುಂಬ ಹಿಮ ಬಂದಿಳಿಯಿತು. ಅಲಾಸ್ಕಾಕ್ಕೆ ಅಲಾಸ್ಕಾದಿಂದಲೇ ಹಿಮದ ಆಮದು!

ಇದೆಲ್ಲ ಈಚಿನ ಕಥೆ ಎನ್ನುವಿರಾ? 1964ರಲ್ಲೇ ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ ಚಳಿಗಾಲದ ಒಲಿಂಪಿಕ್ಸ್ ಹೊತ್ತಿಗೆ ಹಿಮ ಕೈಕೊಟ್ಟಿತು. ಸೈನಿಕರೇ ಬೆಟ್ಟ ಹತ್ತಿದರು. ಸ್ಕೀ ಇಳಿಜಾರುಗಳಿಗೆ 40,000 ಘನ ಮೀಟರ್ ಹಿಮ, ಜಾರುಬಂಡಿಯ ಹಾದಿಗೆ 20,000 ಮಂಜುಗಡ್ಡೆ ಇಟ್ಟಿಗೆ. ಎಲ್ಲ ಹೊತ್ತು ತಂದದ್ದು!

ಪಾಪ, ಮೊಲದ ಪಾಡು ನೋಡಿ. ಉತ್ತರ ಅಮೆರಿಕದ ಹಿಮಮೊಲ ಬೇಸಿಗೆಯಲ್ಲಿ ಕಂದು, ಚಳಿಗಾಲದಲ್ಲಿ ಅಚ್ಚ ಬಿಳಿ. ಹಿಮ ಕಂಡ ಮೇಲೆ ಬಣ್ಣ ಬದಲಿಸುತ್ತದೆ ಎಂದುಕೊಂಡಿರಾ? ಅಲ್ಲವೇ ಅಲ್ಲ! ಹಗಲಿನ ಉದ್ದ ಕಡಿಮೆಯಾಗುವುದೇ ಅದಕ್ಕೆ ಸೂಚನೆ. ಹಿಮ ಬೀಳಲಿ ಬಿಡಲಿ, ಸಮಯಕ್ಕೆ ಸರಿಯಾಗಿ ಬಿಳಿಯಾಗಿಬಿಡುತ್ತದೆ. ಆಮೇಲೆ ಒಣಗಿದ ಕಂದು ಎಲೆಗಳ ನಡುವೆ ಬೆಳ್ಳಗೆ ಹೊಳೆಯುತ್ತ ಕೂರುತ್ತದೆ, ತಾನು ಯಾರಿಗೂ ಕಾಣುತ್ತಿಲ್ಲವೆಂಬ ಧೈರ್ಯದಲ್ಲಿ. ಕಾಡುಬೆಕ್ಕಿಗೆ ಹಬ್ಬ!

ಹಿಮ ಬಿದ್ದರೆ ನೆಲ ಬೆಚ್ಚಗಿರುತ್ತದೆ ಎಂದರೆ ನಂಬುತ್ತೀರಾ? ಹಿಮದ ಪದರದೊಳಗೆ ಗಾಳಿ ಸಿಕ್ಕಿಕೊಂಡಿರುವುದರಿಂದ ನೆಲದ ಕಾವು ಹೊರಗೆ ಹೋಗುವುದಿಲ್ಲ. ಹಿಮವಿಲ್ಲದ ವರ್ಷ ನಡುವೆ ಒಂದು ವಾರ ಕಡು ಚಳಿ ಬಂದರೂ ಸಾಕು, ಬೇರುಗಳು ಕೊರೆತಕ್ಕೆ ಸಿಕ್ಕಿ ಸಾಯುತ್ತವೆ. ಬೆಚ್ಚನೆ ಚಳಿಗಾಲದಲ್ಲೇ ಗಿಡ ಚಳಿಗೆ ಸಾಯುವುದು!

ನಮ್ಮ ಕಾಶ್ಮೀರಕ್ಕೂ ಈ ಕಾಟ ತಪ್ಪಿಲ್ಲ. ಅಲ್ಲಿ ಡಿಸೆಂಬರ್ 21ರಿಂದ 40 ದಿನ 'ಚಿಲ್ಲೈ ಕಲಾನ್', ವರ್ಷದ ಕಡು ಚಳಿಯ ಕಾಲ. 2024ರ ಜನವರಿಯಲ್ಲಿ ಆ ನಲವತ್ತರ ಬಹುಭಾಗ ಗುಲ್‌ಮಾರ್ಗ್ ಒಣ ಹುಲ್ಲಿನ ಬಯಲಾಗಿತ್ತು. ಹಿಮದಲ್ಲಿ ಉರುಳಾಡಲೆಂದು ಬೆಂಗಳೂರಿನಿಂದ ಮೊದಲೇ ವಿಮಾನದ ಟಿಕೆಟ್ ಮಾಡಿಸಿದವರನ್ನು ನೆನೆಸಿಕೊಳ್ಳಿ! ಹಿಮ ಬಂದದ್ದು ತಿಂಗಳ ಕೊನೆಗೆ, ಚಿಲ್ಲೈ ಕಲಾನ್ ಗಂಟುಮೂಟೆ ಕಟ್ಟುವ ಹೊತ್ತಿಗೆ.

ಮರುವರ್ಷವೂ ಚಳಿಗಾಲ ಒಣಗಿಯೇ ಇತ್ತು. 2025ರ ಫೆಬ್ರವರಿಯಲ್ಲಿ ಅನಂತನಾಗ್ ಜಿಲ್ಲೆಯ ಅಚಬಲ್ ಚಿಲುಮೆ ಬತ್ತಿಹೋಯಿತು. ಮೊಘಲರು ಉದ್ಯಾನ ಕಟ್ಟಿಸಿದ್ದೇ ಈ ನೀರನ್ನು ನೆಚ್ಚಿ. ಬೇಸಿಗೆ ಇನ್ನೂ ದೂರವಿರುವಾಗಲೇ ಅಲ್ಲಿ ಬರೀ ಕಲ್ಲು!

ಸೇಬಿನ ಮರ ಚಳಿಯ ಲೆಕ್ಕ ಇಡುತ್ತದೆ! ಅನೇಕ ತಳಿಗಳಿಗೆ ಸುಮಾರು 7 ಡಿಗ್ರಿಗಿಂತ ಕೆಳಗಿನ ಚಳಿ ಸಾವಿರ ಗಂಟೆಯಷ್ಟು ಬೇಕು. ಸಾಲದಿದ್ದರೆ ಹೂ ಅಲ್ಲಿಷ್ಟು ಇಲ್ಲಿಷ್ಟು. ನಮ್ಮ ಮಾವೇನು ಕಡಿಮೆಯೇ? ಅದಕ್ಕೂ ಹೂ ಬಿಡಲು ಒಂದಿಷ್ಟು ತಂಪು ಬೇಕೇ ಬೇಕು.

ಜಪಾನಿನ ಸುವಾ ಸರೋವರ ಹೆಪ್ಪುಗಟ್ಟಿದಾಗ ಮಂಜುಗಡ್ಡೆ ಬಿರಿದು, ಉಬ್ಬಿ, ಅಡ್ಡಲಾಗಿ ಒಂದು ದಿಬ್ಬದ ಸಾಲು ಏಳುತ್ತದೆ. ದೇವರು ಆಚೆ ದಡದ ದೇವಿಯನ್ನು ಕಾಣಲು ನಡೆದುಹೋದ ದಾರಿ ಅದು ಎಂದು ನಂಬಿಕೆ. 1443ರಿಂದ ಇದರ ದಾಖಲೆ ಬರೆದಿಟ್ಟಿದ್ದಾರೆ, ಸುಮಾರು ಆರು ಶತಮಾನ! 2018ರಲ್ಲಿ ಕಂಡದ್ದೇ ಕಂಡದ್ದು. ಅಲ್ಲಿಂದ 2025ರವರೆಗೆ ದೇವರಿಗೂ ದಾರಿ ಸಿಕ್ಕಿಲ್ಲ.

ನೆದರ್ಲೆಂಡ್ಸ್‌ನವರ ಉಪಾಯ ಎಲ್ಲಕ್ಕಿಂತ ಜೋರು. ಅಲ್ಲಿ ಹನ್ನೊಂದು ಪಟ್ಟಣ ಸುತ್ತುವ ಸುಮಾರು 200 ಕಿ.ಮೀ. ಸ್ಕೇಟಿಂಗ್ ಓಟವಿದೆ, 1909ರಿಂದ. ಕಾಲುವೆಗಳ ಮೇಲೆ 15 ಸೆಂ.ಮೀ. ದಪ್ಪ ಮಂಜುಗಡ್ಡೆ ಕಟ್ಟಿದರೆ ಮಾತ್ರ ಓಟ. ಕೊನೆಯದು ನಡೆದದ್ದು 1997ರ ಜನವರಿ 4ರಂದು! ಹಾಗೆಂದು ಡಚ್ಚರು ಸುಮ್ಮನೆ ಕೂತಿಲ್ಲ. ಮಂಜುಗಡ್ಡೆಯನ್ನು ಊರಿಗೆ ತರುವ ಗೋಜೂ ಬೇಡವೆಂದು ತಾವೇ ಸಾವಿರಾರು ಜನ ಗಾಡಿ ಕಟ್ಟಿ ಆಸ್ಟ್ರಿಯಾದ ವೈಸನ್‌ಸೇ ಸರೋವರಕ್ಕೆ ಹೊರಡುತ್ತಾರೆ. ಅಲ್ಲಿ ಅದೇ 200 ಕಿ.ಮೀ. ಸುತ್ತಿ ಸುತ್ತಿ ಓಡಿ ಬರುತ್ತಾರೆ. 1989ರಿಂದಲೂ ಇದೇ ರೂಢಿ!