ಕ್ಯಾಮ್‌ಶಾಫ್ಟ್: ದೊಡ್ಡ ಅಂಕಿಗೆ ಮರುಳಾಗುವ ಮುನ್ನ

ಇಂಜಿನ್ನಿನ ವಾಲ್ವ್ ಯಾವಾಗ ತೆರೆಯಬೇಕು, ಎಷ್ಟು ತೆರೆಯಬೇಕು, ಯಾವಾಗ ಮುಚ್ಚಬೇಕು ಎಂಬುದನ್ನು ತೀರ್ಮಾನಿಸುವುದು ಕ್ಯಾಮ್‌ಶಾಫ್ಟ್. ಅಮೆರಿಕದ ವಿ8 ಕಾರುಗಳ ಪವರ್ ಏರಿಸಹೊರಟವರ ಕಣ್ಣು ಬೇಗ ಬೀಳುವುದೂ ಇದರ ಮೇಲೆಯೇ. ಕ್ಯಾಟಲಾಗಿನ ಅಂಕಿಗಳ ಸುತ್ತ ಗ್ಯಾರೇಜುಗಳಲ್ಲಿ ಹಬ್ಬಿರುವ ನಂಬಿಕೆಗಳು ಮಾತ್ರ ಒರೆಗೆ ಹಚ್ಚಿದರೆ ನಿಲ್ಲುವುದಿಲ್ಲ.

ತಪ್ಪು ಕಲ್ಪನೆ: ಡ್ಯುರೇಶನ್ ಹೆಚ್ಚಿದಷ್ಟೂ ಪವರ್ ಹೆಚ್ಚು.

ಸತ್ಯ: ವಾಲ್ವ್ ತೆರೆದಿರುವ ಅವಧಿಯೇ ಡ್ಯುರೇಶನ್, ಅದರ ಲೆಕ್ಕ ಕ್ರ್ಯಾಂಕ್ ತಿರುಗುವ ಡಿಗ್ರಿಯಲ್ಲಿ. ಅವಧಿ ಹಿಗ್ಗಿದರೆ ಪವರ್ ಮೇಲಿನ ಆರ್‌ಪಿಎಂಗೆ ಸರಿಯುತ್ತದೆ, ಕೆಳಗಿನ ಪಿಕಪ್ ಸೊರಗುತ್ತದೆ. ಇನ್‌ಟೇಕ್ ವಾಲ್ವ್ ತಡವಾಗಿ ಮುಚ್ಚುವುದರಿಂದ, ನಿಧಾನ ವೇಗದಲ್ಲಿ ಮೇಲೇರುವ ಪಿಸ್ಟನ್ ಒಳಬಂದ ಮಿಶ್ರಣದ ಒಂದಿಷ್ಟನ್ನು ಬಂದ ದಾರಿಗೇ ತಳ್ಳುತ್ತದೆ. ಈ ನಷ್ಟ ತುಂಬಲು ಕಂಪ್ರೆಷನ್ ಏರಿಸಬೇಕಾಗುತ್ತದೆ. ಉದಾಹರಣೆಗೆ, 1957ರ ಕಾರ್ವೆಟ್ ಕಾರಿನ 283 ಘನ ಅಂಗುಲದ ಇಂಜಿನ್ 283 ಅಶ್ವಶಕ್ತಿ ಕೊಟ್ಟಿತು. ಅದರಲ್ಲಿ ಕಾರ್ವೆಟ್‌ನ ಇಂಜಿನಿಯರ್ ಜೋರಾ ಆರ್ಕಸ್-ಡಂಟೋವ್ ಹೆಸರಿನ ಕ್ಯಾಮ್ ಇತ್ತು, ನಿಜ. ಜೊತೆಗೆ 10.5:1 ಕಂಪ್ರೆಷನ್ನೂ ಫ್ಯೂಯಲ್ ಇಂಜೆಕ್ಷನ್ನೂ ಇದ್ದವು.

ತಪ್ಪು ಕಲ್ಪನೆ: ಯಾರು ತಯಾರಿಸಿದರೂ 280 ಡಿಗ್ರಿ ಎಂದರೆ 280 ಡಿಗ್ರಿಯೇ.

ಸತ್ಯ: ಒಬ್ಬರು 0.004 ಅಂಗುಲ ಎತ್ತುವಿಕೆಯಿಂದ ಲೆಕ್ಕ ಶುರು ಮಾಡಿದರೆ ಇನ್ನೊಬ್ಬರು 0.006ರಿಂದ. ಹೋಲಿಸಬೇಕಾದದ್ದು 0.050 ಅಂಗುಲದಲ್ಲಿ, ಅಂದರೆ 1.27 ಮಿ.ಮೀ.ನಲ್ಲಿ ಅಳೆದ ಡ್ಯುರೇಶನ್.

ತಪ್ಪು ಕಲ್ಪನೆ: ಐಡ್ಲಿಂಗ್‌ನಲ್ಲಿ ಗುಡುಗುಟ್ಟಿದರೆ ಇಂಜಿನ್ ಬಲಶಾಲಿ.

ಸತ್ಯ: ಆ ಸದ್ದಿನ ಮೂಲ ಓವರ್‌ಲ್ಯಾಪ್, ಅಂದರೆ ಇನ್‌ಟೇಕ್, ಎಕ್ಸಾಸ್ಟ್ ವಾಲ್ವ್‌ಗಳೆರಡೂ ತೆರೆದಿರುವ ಹೊತ್ತು. ಎರಡಕ್ಕೂ 280 ಡಿಗ್ರಿ ಡ್ಯುರೇಶನ್ ಇದ್ದು, ಅವುಗಳ ಕ್ಯಾಮ್ ಉಬ್ಬುಗಳ ನಡುವಿನ ಕೋನ 110 ಡಿಗ್ರಿಯಾದರೆ ಓವರ್‌ಲ್ಯಾಪ್ 60 ಡಿಗ್ರಿ. ಕೋನ 114 ಆದರೆ 52. ಓವರ್‌ಲ್ಯಾಪ್ ಹೆಚ್ಚಾದರೆ ಐಡ್ಲಿಂಗ್‌ನಲ್ಲಿ ಇನ್‌ಟೇಕ್‌ನ ವ್ಯಾಕ್ಯೂಮ್ ಇಳಿಯುತ್ತದೆ, ಅದನ್ನೇ ನಂಬಿದ ಪವರ್ ಬ್ರೇಕ್ ಗಟ್ಟಿಯಾಗುತ್ತದೆ. ಓವರ್‌ಲ್ಯಾಪ್ ಕಡಿಮೆಯಿದ್ದರೂ ಬಲ ಸಿಗಬಹುದು: 2006ರ ಕಾರ್ವೆಟ್ ಝಡ್06ರ 7 ಲೀಟರ್ ಇಂಜಿನ್ನಿನಲ್ಲಿ ಈ ಕೋನ ಸುಮಾರು 120 ಡಿಗ್ರಿ; ಪವರ್ 505 ಅಶ್ವಶಕ್ತಿ.

ತಪ್ಪು ಕಲ್ಪನೆ: ಲಿಫ್ಟ್ (ವಾಲ್ವ್ ತೆರೆಯುವ ಎತ್ತರ) ಹೆಚ್ಚಾದರೆ ಸಾಕು, ವಾಲ್ವ್ ಪಿಸ್ಟನ್‌ಗೆ ಬಡಿಯುತ್ತದೆ.

ಸತ್ಯ: ಇನ್‌ಟೇಕ್ ವಾಲ್ವ್ ಪೂರ್ತಿ ತೆರೆಯುವ ಹೊತ್ತಿಗೆ ಪಿಸ್ಟನ್ ಬಹಳ ಕೆಳಗಿಳಿದಿರುತ್ತದೆ. ಇವೆರಡೂ ತೀರಾ ಹತ್ತಿರವಾಗುವುದು ಪಿಸ್ಟನ್ ಮೇಲ್ತುದಿಯ ಆಸುಪಾಸಿನಲ್ಲಿ. ಹಾಗಾಗಿ ಆ ಕ್ಷಣದಲ್ಲಿ ವಾಲ್ವ್ ಎಷ್ಟು ತೆರೆದಿದೆ ಎಂಬುದೇ ಮುಖ್ಯ. ಅದನ್ನು ಲಿಫ್ಟ್ ಒಂದೇ ಹೇಳದು, ಡ್ಯುರೇಶನ್ ಮತ್ತು ಕ್ಯಾಮ್ ಕೂರಿಸಿದ ಡಿಗ್ರಿಯನ್ನೂ ನೋಡಬೇಕು. ಲಿಫ್ಟ್ ಹೆಚ್ಚಾದಾಗ ಸ್ಪ್ರಿಂಗ್ ಸುರುಳಿಗಳು ಒಂದಕ್ಕೊಂದು ಒತ್ತಿಕೊಳ್ಳದಂತೆಯೂ ಜಾಗ ಉಳಿದಿರಬೇಕು.

ತಪ್ಪು ಕಲ್ಪನೆ: ಯಾವ ಗಾಡಿಗಾದರೂ ಪವರ್ ಏರಿಸುವ ಕ್ಯಾಮ್ ಹಾಕಿಸಬಹುದು.

ಸತ್ಯ: ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಹಳೆಯ ಯೆಜ್ಡಿಗೂ ಯಮಾಹಾ ಆರ್‌ಎಕ್ಸ್100ಗೂ ಕ್ಯಾಮ್‌ಶಾಫ್ಟೇ ಇಲ್ಲ. ಅವು ಟೂ-ಸ್ಟ್ರೋಕ್, ಸಿಲಿಂಡರ್ ಗೋಡೆಯ ಪೋರ್ಟ್‌ಗಳನ್ನು ಪಿಸ್ಟನ್ನೇ ತೆರೆದು ಮುಚ್ಚುತ್ತದೆ.