ಗೋಡೆ ಸರಿಸುವ ಪೆನ್ ಡ್ರೈವ್

ನಮ್ಮ ಲ್ಯಾಪ್‌ಟಾಪಿನಲ್ಲಿ ಮನೆಯ ಇಪ್ಪತ್ತು ವರ್ಷಗಳ ಫೋಟೊಗಳಿವೆ. ಈಚೆಗೆ ಅದರ ‘ಸಿ’ ಡ್ರೈವ್ ತುಂಬಿಹೋಯಿತು. ಪಕ್ಕದ ‘ಡಿ’ಯಲ್ಲಿ ಜಾಗ ಬೇಕಾದಷ್ಟಿತ್ತು. ‘ನಡುವಿನ ಗೋಡೆ ಸರಿಸಿದರಾಯಿತಲ್ಲ, ತಾತ?’ ಎಂದಳು ಮೊಮ್ಮಗಳು.

ಮಕ್ಕಳೇ, ಸಿ ಮತ್ತು ಡಿ ಒಂದೇ ಡಿಸ್ಕಿನೊಳಗಿನ ಕೋಣೆಗಳು. ಇವಕ್ಕೆ ಪಾರ್ಟಿಷನ್ ಎನ್ನುತ್ತಾರೆ. ವಿಂಡೋಸಿನ ಸ್ವಂತ ಸಲಕರಣೆ ‘ಡಿ’ಯ ಆಚೆ ತುದಿಯನ್ನಷ್ಟೇ ಮೊಟಕು ಮಾಡುತ್ತದೆ, ಬಿಡುವಾದ ಜಾಗ ‘ಸಿ’ಗೆ ತಾಗುವುದೇ ಇಲ್ಲ. ಈಚೆ ತುದಿ ಸರಿಸಲು ವಿಂಡೋಸನ್ನು ಬಿಟ್ಟು ಪೆನ್ ಡ್ರೈವಿನಿಂದ ಕಂಪ್ಯೂಟರ್ ಚಾಲೂ ಮಾಡುವುದು ಒಂದು ದಾರಿ. ಮನೆಮಂದಿ ಹೊರಗಿದ್ದಾಗ ಗೋಡೆ ಕೆಲಸ ಸಲೀಸಲ್ಲವೇ?

ನಾವು ಬಳಸಿದ್ದು ಜಿಪಾರ್ಟೆಡ್ ಲೈವ್ ಎಂಬ ಉಚಿತ ತಂತ್ರಾಂಶ. ಅದರ ಐಎಸ್‌ಒ ಫೈಲನ್ನು ಪೆನ್ ಡ್ರೈವಿಗೆ ಕಾಪಿ ಮಾಡಿದರೆ ಸಾಲದು. ರೂಫಸ್‌ನಂಥ ತಂತ್ರಾಂಶದಿಂದ ಬರೆಯಬೇಕು. ಆಗ ಪೆನ್ ಡ್ರೈವಿನಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ, ಎಚ್ಚರ!

ಮೊದಲು ಫೋಟೊಗಳನ್ನು ಬೇರೊಂದು ಡಿಸ್ಕಿಗೆ ನಕಲು ಮಾಡಿ, ತೆರೆದು ನೋಡಿದೆವು. ಶಿಫ್ಟ್ ಕೀಲಿ ಒತ್ತಿಹಿಡಿದು ವಿಂಡೋಸನ್ನು ಪೂರ್ತಿ ಮುಚ್ಚಿದೆವು. ಮತ್ತೆ ಆನ್ ಮಾಡುತ್ತಲೇ ಎಫ್12 ಒತ್ತಿ ಪೆನ್ ಡ್ರೈವನ್ನು ಆರಿಸಿದೆವು. ಕೆಲವು ಕಂಪ್ಯೂಟರುಗಳಲ್ಲಿ ಈ ಕೀಲಿ ಬೇರೆ.

ಪರದೆಯ ಮೇಲೆ ಡಿಸ್ಕ್ ಉದ್ದನೆಯ ಪಟ್ಟಿಯಾಗಿ ಕಂಡಿತು. ಅಲ್ಲಿ ಸಿ, ಡಿ ಎಂಬ ಅಕ್ಷರಗಳಿರುವುದಿಲ್ಲ. ಅಳತೆ ನೋಡಿಯೇ ಗುರುತಿಸಬೇಕು. ಮೊಮ್ಮಗಳು ‘ಡಿ’ಯ ಎಡ ಅಂಚನ್ನು ಬಲಕ್ಕೆ ಎಳೆದು, ಬಳಿಕ ‘ಸಿ’ಯನ್ನು ಹಿಗ್ಗಿಸಿದಳು. ‘ಅಪ್ಲೈ’ ಒತ್ತುವವರೆಗೆ ಡಿಸ್ಕಿನಲ್ಲಿ ಏನೂ ಬದಲಾಗದು. ಒತ್ತಿದ ಮೇಲೆ ಮಾತ್ರ ಕರೆಂಟ್ ಹೋಗಬಾರದು. ಚಾರ್ಜರ್ ಹಾಕಿಯೇ ಇರಲಿ. ಗಂಟೆಗಟ್ಟಲೆ ಹಿಡಿದರೂ ನಡುವೆ ನಿಲ್ಲಿಸಬೇಡಿ.

ಈ ಕೆಲಸಕ್ಕೆ ಇಬ್ಬರಿದ್ದರೆ ಚೆನ್ನ: ಒಬ್ಬರು ಅಳತೆ ಓದಲಿ, ಇನ್ನೊಬ್ಬರು ಒತ್ತಲಿ.