ಏಳು ಜನರ ಕೋಟೆ ಕಟ್ಟುವ ಬಿ.ಸಿ. ರಮೇಶ್

2024ರ ಮಾರ್ಚ್ 1ರಂದು ಹೈದರಾಬಾದಿನಲ್ಲಿ ಪ್ರೊ ಕಬಡ್ಡಿಯ ಹತ್ತನೆಯ ಆವೃತ್ತಿಯ ಅಂತಿಮ ಪಂದ್ಯ ನಡೆಯಿತು. ಪುಣೇರಿ ಪಲ್ಟನ್ ತಂಡವು ಹರಿಯಾಣ ಸ್ಟೀಲರ್ಸ್ ತಂಡವನ್ನು 28-25ರಿಂದ ಸೋಲಿಸಿ ಮೊದಲ ಬಾರಿಗೆ ಪ್ರಶಸ್ತಿಯನ್ನು ತನ್ನದಾಗಿಸಿಕೊಂಡಿತು. ನಲವತ್ತು ನಿಮಿಷಗಳ ಆಟದಲ್ಲಿ ಎರಡೂ ತಂಡಗಳು ಕೂಡಿ ಗಳಿಸಿದ್ದು ಕೇವಲ 53 ಅಂಕ. ಅಂಕಗಳ ಮಳೆಯನ್ನು ನೋಡಲು ಬಂದವರಿಗೆ ಇದು ಸಪ್ಪೆಯೆನಿಸಿರಬಹುದು. ಆದರೆ ಕಬಡ್ಡಿಯ ಒಳಗುಟ್ಟನ್ನು ಬಲ್ಲವರಿಗೆ ಅದು ಹಿಡಿತಗಾರರ ಹಬ್ಬವಾಗಿತ್ತು. ಆ ತಂಡವನ್ನು ಕಟ್ಟಿ ನಿಲ್ಲಿಸಿದ ತರಬೇತುದಾರರು ಕರ್ನಾಟಕದ ಬಿ.ಸಿ. ರಮೇಶ್.

ದಿಂಬಂ ಘಟ್ಟದ ಇಪ್ಪತ್ತೇಳು ತಿರುವುಗಳನ್ನು ಏರಿ ಬಂದರೆ ಸಿಗುವ ನಮ್ಮ ತಾಳವಾಡಿ ಸೀಮೆಯಲ್ಲಿ ಕಬಡ್ಡಿಯ ಪರಿಚಯ ಯಾರಿಗೂ ಮಾಡಿಕೊಡಬೇಕಿಲ್ಲ. ಘಟ್ಟದ ಕೆಳಗಿನ ತಮಿಳು ಊರುಗಳಲ್ಲಿ ಇದನ್ನೇ ಸಡುಗುಡು ಎನ್ನುತ್ತಾರೆ. ಮಣ್ಣಿನ ಅಂಗಳ, ಸುಣ್ಣದ ಗೆರೆ, ಏಳೇಳು ಮಕ್ಕಳು ಇದ್ದರೆ ಆಟ ಸಿದ್ಧ. ಆದರೆ ಆ ಏಳು ಮಕ್ಕಳಲ್ಲಿ ದಾಳಿಗೆ ಹೋಗಬೇಕೆಂದು ಹಟ ಹಿಡಿಯುವವರೇ ಹೆಚ್ಚು. ಮೂಲೆಯಲ್ಲಿ ನಿಂತು, ಬಂದವನ ಕಾಲು ಹಿಡಿಯುವ ಕೆಲಸವನ್ನು ಕೇಳಿ ಪಡೆಯುವ ಮಗು ಅಪರೂಪ. ಮನೆಗೆ ಬಂದ ಮಗು ಎಷ್ಟು ಅಂಕ ತಂದೆ ಎಂದು ಹೇಳಬಲ್ಲದೇ ಹೊರತು, ಎಷ್ಟು ಅಂಕ ಹೋಗದಂತೆ ತಡೆದೆ ಎಂದು ಹೇಳುವುದು ಕಷ್ಟ. ರಮೇಶರ ವೃತ್ತಿಜೀವನವನ್ನು ನಮ್ಮ ಪೋಷಕರ ಮುಂದಿಡಲು ಇದೇ ಕಾರಣ.

ರಮೇಶರು ಮೊದಲು ಆಟಗಾರರು. 2001ನೆಯ ಸಾಲಿನ ಅರ್ಜುನ ಪ್ರಶಸ್ತಿ ಅವರಿಗೆ ಸಂದಿತು. ಅದರ ಹಿಂದಿನ ಸಾಲಿನಲ್ಲಿ ಅದೇ ಗೌರವ ಪಡೆದವರು ಕರ್ನಾಟಕದವರೇ ಆದ ಸಿ. ಹೊನ್ನಪ್ಪ. ಮುಂದೆ 2011ರಲ್ಲಿ ತೇಜಸ್ವಿನಿ ಬಾಯಿ, 2014ರಲ್ಲಿ ಕಾರ್ಕಳ ಸೀಮೆಯ ಮಮತಾ ಪೂಜಾರಿ ಈ ಸಾಲನ್ನು ಬೆಳೆಸಿದರು. ದೂರದರ್ಶನದ ಬೆಳಕು ಈ ಆಟದ ಮೇಲೆ ಬಿದ್ದದ್ದು 2014ರಲ್ಲಿ ಪ್ರೊ ಕಬಡ್ಡಿ ಆರಂಭವಾದ ಮೇಲೆ. ಹೊನ್ನಪ್ಪ, ರಮೇಶರು ಮೆರೆದ ಕಾಲದ ಆಟವನ್ನು ಅಂಗಳದ ಸುತ್ತ ನಿಂತವರಷ್ಟೇ ಕಂಡರು ಎಂಬುದು ವಿಷಾದದ ಸಂಗತಿ.

ತರಬೇತುದಾರರಾಗಿ ಅವರ ದಾರಿ ಹೀಗೆ ಸಾಗಿತು. 2019ರ ಜನವರಿ 5ರಂದು ಮುಂಬೈಯಲ್ಲಿ ಬೆಂಗಳೂರು ಬುಲ್ಸ್ ತಂಡ ಗುಜರಾತನ್ನು 38-33ರಿಂದ ಮಣಿಸಿ ಆರನೆಯ ಆವೃತ್ತಿಯನ್ನು ಗೆದ್ದಾಗ, ರಣಧೀರ್ ಸಿಂಗ್ ಸೆಹ್ರಾವತ್ ಅವರೊಂದಿಗೆ ರಮೇಶರೂ ತಂಡದ ತರಬೇತಿ ಬಳಗದಲ್ಲಿದ್ದರು. ಪವನ್ ಸೆಹ್ರಾವತ್ ಒಬ್ಬರೇ 22 ಅಂಕ ಗಳಿಸಿದ ಆ ಪಂದ್ಯ ದಾಳಿಗಾರನದ್ದು. ಅದೇ ವರ್ಷದ ಅಕ್ಟೋಬರ್ 19ರಂದು ಅಹಮದಾಬಾದಿನಲ್ಲಿ ಚಿತ್ರ ಬದಲಾಯಿತು. ಈಗ ರಮೇಶರು ಬೆಂಗಾಲ್ ವಾರಿಯರ್ಸ್ ತಂಡದ ತರಬೇತುದಾರರು. ನಾಯಕ ಮಣಿಂದರ್ ಸಿಂಗ್ ಗಾಯಗೊಂಡು ಹೊರಗುಳಿದಿದ್ದರು. ಎದುರಾಳಿ ದಬಾಂಗ್ ದೆಹಲಿ ಆರಂಭದಲ್ಲೇ ಮುನ್ನಡೆ ಸಾಧಿಸಿತು. ಅಲ್ಲಿಂದ ಚೇತರಿಸಿಕೊಂಡು ಬೆಂಗಾಲ್ 39-34ರಿಂದ ಗೆದ್ದಿತು. ಇರಾನಿನ ನಬೀಬಕ್ಷ್ ಮುಂದಾಳಾಗಿ ನಿಂತರು. ರಕ್ಷಣೆಯಲ್ಲಿ ತಮಿಳುನಾಡಿನ ಹಿರಿಯ ಆಟಗಾರ ಜೀವಕುಮಾರ್ ಇದ್ದರು. ಮುಖ್ಯ ದಾಳಿಗಾರನಿಲ್ಲದ ತಂಡಕ್ಕೆ ಹಿಡಿತವೇ ಆಸರೆ.

ಹಿಡಿತದ ವಿದ್ಯೆ ಎಂದರೇನು? ಪುರುಷರ ಅಂಗಳದ ಅರ್ಧಭಾಗ ಆರೂವರೆ ಮೀಟರ್ ಉದ್ದ, ಹತ್ತು ಮೀಟರ್ ಅಗಲ. ದಾಳಿಗಾರನಿಗೆ 30 ಸೆಕೆಂಡು ಅವಕಾಶ. ನಡುಗೆರೆಯಿಂದ 3.75 ಮೀಟರ್ ದೂರದ ಬಾಕ್ ಗೆರೆಯನ್ನು ಅವನು ದಾಟಲೇಬೇಕು ಅಥವಾ ಯಾರನ್ನಾದರೂ ಮುಟ್ಟಬೇಕು. ಎದುರಿಗಿರುವ ಏಳು ಜನರಲ್ಲಿ ಎರಡು ತುದಿಗಳಲ್ಲಿ ನಿಲ್ಲುವವರು ಕಾರ್ನರ್ ಆಟಗಾರರು. ಅವರಿಗೂ ನಡುವಿನವರಿಗೂ ಕೊಂಡಿಯಾಗುವವರು ಕವರ್ ಆಟಗಾರರು. ಕಾರ್ನರ್ ಆಟಗಾರ ಕಣಕಾಲಿಗೆ ಕೈಹಾಕಿದ ಕ್ಷಣದಲ್ಲೇ ಕವರ್ ಆಟಗಾರ ಎದೆಗೋ ಸೊಂಟಕ್ಕೋ ಅಡ್ಡ ಬರಬೇಕು. ಅರ್ಧ ಸೆಕೆಂಡು ತಡವಾದರೆ ಕಣಕಾಲು ಹಿಡಿದವನನ್ನೂ ಎಳೆದುಕೊಂಡು ದಾಳಿಗಾರ ನಡುಗೆರೆ ಮುಟ್ಟುತ್ತಾನೆ. ಆಗ ಅಂಕವೂ ಹೋಯಿತು, ಆಳೂ ಹೋದ. ಮೂವರು ಅಥವಾ ಅದಕ್ಕಿಂತ ಕಡಿಮೆ ಜನ ಉಳಿದಿರುವಾಗ ದಾಳಿಗಾರನನ್ನು ಹಿಡಿದರೆ ಒಂದರ ಬದಲು ಎರಡು ಅಂಕ; ಇದೇ ಸೂಪರ್ ಟ್ಯಾಕಲ್. ಹಾಗಾಗಿ ಸೋಲಿನ ಅಂಚಿನಲ್ಲಿರುವ ತಂಡಕ್ಕೂ ತಾಳ್ಮೆಯಿದ್ದರೆ ಮರಳುವ ದಾರಿಯಿದೆ. ಬೇಟೆಗೆ ತಾನಾಗಿ ಹಾರದೆ, ದಾಳಿಗಾರನೇ ಬಾಕ್ ಗೆರೆ ದಾಟಿ ಒಳಬರುವವರೆಗೆ ಕಾಯುವುದೇ ಎಲ್ಲಕ್ಕಿಂತ ಕಠಿಣ ಪಾಠ.

ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವ, ಕೈಯಲ್ಲಿ ಚೆಂಡು ಹಿಡಿದು ಓಡುವ ಆಟದಲ್ಲಿ ಕೊನೆಯ ಸಾಲಿನ ರಕ್ಷಕರಿಗಷ್ಟೇ ಪಾಠ ಹೇಳುವ ಪ್ರತ್ಯೇಕ ಕೋಚ್ ಇರುತ್ತಾನೆ. ಅಲ್ಲಿಯೂ ತುದಿಯ ರಕ್ಷಕನ ಹೆಸರಿನಲ್ಲಿ ಕಾರ್ನರ್ ಎಂಬ ಮಾತೇ ಇದೆ. ಹಲವರು ತಂಡದಿಂದ ತಂಡಕ್ಕೆ ಹೋಗುತ್ತ ಇಡೀ ಆಯುಷ್ಯವನ್ನು ಆ ಒಂದೇ ಕೆಲಸಕ್ಕೆ ತೆತ್ತವರು. ನಮ್ಮ ಕಬಡ್ಡಿಯಲ್ಲಿ ಒಬ್ಬನೇ ಗುರು ದಾಳಿಯನ್ನೂ ಹಿಡಿತವನ್ನೂ ಕಲಿಸಬೇಕು.

ಹಿಡಿತವನ್ನು ಕಡೆಗಣಿಸಿದರೆ ಏನಾಗುತ್ತದೆಂಬುದನ್ನು ಭಾರತ 2018ರಲ್ಲಿ ಕಂಡಿತು. 1990ರಲ್ಲಿ ಏಷ್ಯನ್ ಕ್ರೀಡಾಕೂಟಕ್ಕೆ ಕಬಡ್ಡಿ ಸೇರಿದಂದಿನಿಂದ ಪುರುಷರ ಚಿನ್ನ ನಮ್ಮದೇ ಆಗಿತ್ತು. ಜಕಾರ್ತದ ಸೆಮಿಫೈನಲ್ಲಿನಲ್ಲಿ ಇರಾನ್ 27-18ರಿಂದ ನಮ್ಮನ್ನು ಸೋಲಿಸಿತು. ಭಾರತಕ್ಕೆ ದಕ್ಕಿದ್ದು ಹದಿನೆಂಟೇ ಅಂಕ! ಪುಣೆಯ ಗೆಲುವಿನ ವರ್ಷ ರಮೇಶರ ರಕ್ಷಣಾ ಸಾಲಿನಲ್ಲಿಯೂ ಇರಾನಿನ ಮೊಹಮ್ಮದ್ ರೆಜಾ ಶಾದ್ಲೂಯಿ ಇದ್ದರು. ಜೊತೆಗೆ ಗೌರವ್ ಖತ್ರಿ, ತಮಿಳುನಾಡಿನ ಅಭಿನೇಶ್ ನಟರಾಜನ್. ಮನೆಮಾತು ಬೇರೆ ಬೇರೆಯಾದ ಈ ಯುವಕರು ಒಂದೇ ಸರಪಳಿಯಾಗಿ ಚಲಿಸಿದರು. ಮನೆಯಲ್ಲೂ ಶಾಲೆಯಲ್ಲೂ ಕನ್ನಡ, ಕ್ರೀಡಾಕೂಟದಲ್ಲಿ ತಮಿಳು ಎಂದು ಹಿಂಜರಿಯುವ ನಮ್ಮ ಮಕ್ಕಳು ಇದನ್ನು ಗಮನಿಸಬೇಕು.

ರಮೇಶರ ದಾರಿಯೆಲ್ಲ ಹೂವಿನದಲ್ಲ. ಪ್ರಶಸ್ತಿ ಗೆದ್ದ ಬೆಂಗಾಲ್ ಮುಂದಿನ ಆವೃತ್ತಿಯಲ್ಲಿ ಪ್ಲೇಆಫ್ ತಲುಪಲಿಲ್ಲ. ಪುಣೆ ತಂಡ 2022ರ ಡಿಸೆಂಬರಿನ ಅಂತಿಮ ಪಂದ್ಯದಲ್ಲಿ ಜೈಪುರಕ್ಕೆ 29-33ರಿಂದ ಸೋತಿತು. ಪ್ರಶಸ್ತಿ ಗೆದ್ದ ಮರು ಆವೃತ್ತಿಯಲ್ಲಿ ಅದೂ ಪ್ಲೇಆಫಿನಿಂದ ಹೊರಗುಳಿಯಿತು. ಹರಾಜಿನಲ್ಲಿ ಆಟಗಾರರು ಚದುರುವ ಈ ಪದ್ಧತಿಯಲ್ಲಿ ಜೋಡಿಗಳು ಮುರಿಯುತ್ತವೆ. ದಾಳಿಗಾರನೊಬ್ಬನನ್ನು ಕೊಂಡು ತರಬಹುದು, ಕಾರ್ನರ್ ಮತ್ತು ಕವರ್ ನಡುವಿನ ಹೊಂದಾಣಿಕೆಯನ್ನು ಕೊಳ್ಳಲಾಗದು ಎಂಬುದು ನನ್ನ ಅಭಿಪ್ರಾಯ.

ಪೋಷಕರಿಗೆ ಒಂದೆರಡು ಮಾತು. ತಮಿಳುನಾಡು ಸರ್ಕಾರಿ ನೌಕರಿಗಳಲ್ಲಿ ಅರ್ಹ ಕ್ರೀಡಾಪಟುಗಳಿಗೆ ಶೇಕಡಾ 3ರ ಮೀಸಲಾತಿ ಇದೆ. ಅಲ್ಲಿ ಲೆಕ್ಕಕ್ಕೆ ಬರುವುದು ಮಾನ್ಯತೆ ಪಡೆದ ಸ್ಪರ್ಧೆಗಳ ಪ್ರಮಾಣಪತ್ರ, ಊರ ಹಬ್ಬದ ಪಂದ್ಯದ ಬಹುಮಾನವಲ್ಲ. ತಂಡದ ಪ್ರಮಾಣಪತ್ರ ದಾಳಿಗಾರನಿಗೂ ಮೂಲೆಯವನಿಗೂ ಒಂದೇ. ಇನ್ನು, ಹಿಡಿತಗಾರನ ಮಂಡಿ, ಭುಜ, ಬೆರಳುಗಳಿಗೆ ಪೆಟ್ಟು ಬೀಳುವುದು ಸಾಮಾನ್ಯ. ಗಟ್ಟಿ ನೆಲವನ್ನು ಅಗೆದು ಸಡಿಲಿಸದೆ, ಕಲ್ಲು ಆರಿಸದೆ ಮಕ್ಕಳನ್ನು ಕಾಲು ಹಿಡಿಯಲು ಹಾರಿಸುವುದು ಸಲ್ಲದು. ಅಂಗಳ ಹೇಗಿದೆಯೆಂದು ಒಮ್ಮೆ ಹೋಗಿ ನೋಡಿ ಬನ್ನಿ.

2025ರಲ್ಲಿ ರಮೇಶರು ಬೆಂಗಳೂರು ಬುಲ್ಸ್‌ಗೆ ಮರಳಿದರು, ಈ ಬಾರಿ ತರಬೇತಿಯ ಹೊಣೆಯೆಲ್ಲ ಅವರದೇ. ಹಿಂದಿನ ಆವೃತ್ತಿಯಲ್ಲಿ ಪಟ್ಟಿಯ ತಳದಲ್ಲಿದ್ದ ತಂಡವದು. ಆ ಋತುವಿನಲ್ಲಿ ಬುಲ್ಸ್ ಪ್ಲೇಆಫ್ ತಲುಪಿತು. ಪ್ರಶಸ್ತಿ ಮಾತ್ರ ದೆಹಲಿಯ ಪಾಲಾಯಿತು.